ಕಾಲೇಜಿಗೆ ಹೊರಟವರಿಗೆ ಲ್ಯಾಪ್‌ಟಾಪ್: ಅಂಗಡಿಗೆ ಹೋಗುವ ಮುನ್ನ ತಿಳಿದಿರಬೇಕಾದದ್ದು

ಸಿಇಟಿ ಸೀಟು ಹಂಚಿಕೆಯ ಸುತ್ತುಗಳು ಮುಗಿಯುತ್ತಾ ಬಂದಂತೆ, ಪದವಿ ಕಾಲೇಜುಗಳ ಪ್ರವೇಶವೂ ಶುರುವಾದಂತೆ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಅನೇಕ ಮನೆಗಳಲ್ಲಿ ಶುಲ್ಕ, ಹಾಸ್ಟೆಲ್, ಪುಸ್ತಕಗಳ ಲೆಕ್ಕದ ಪಕ್ಕದಲ್ಲಿ ಇನ್ನೊಂದು ದೊಡ್ಡ ಖರ್ಚು ಬಂದು ಕೂರುತ್ತದೆ. ಜಗಳೂರಿನ ಮೆಕ್ಕೆಜೋಳವನ್ನೋ ಚನ್ನಗಿರಿಯ ಅಡಿಕೆಯನ್ನೋ ಚಳ್ಳಕೆರೆಯ ಶೇಂಗಾವನ್ನೋ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಲ್ಯಾಪ್‌ಟಾಪ್‌ಗೆಂದು ಎತ್ತಿಡಬೇಕಾಗುತ್ತದೆ. ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಲ್ಯಾಪ್‌ಟಾಪ್ ಕೊಂಡಿರುವುದಿಲ್ಲ. ಅಂಗಡಿಯಲ್ಲಿ ಹೇಳುವ ಪದಗಳು ಅರ್ಥವಾಗುವುದಿಲ್ಲ. ಕೊಂಡ ವಸ್ತು ಮಾತ್ರ ಮೂರು ಅಥವಾ ನಾಲ್ಕು ವರ್ಷ ಬಾಳಿಕೆ ಬರಲೇಬೇಕು.

ಈಗ ಈ ಆಯ್ಕೆ ಮೊದಲಿಗಿಂತ ಹೆಚ್ಚು ಎಚ್ಚರಿಕೆಯನ್ನು ಬೇಡುವುದಕ್ಕೆ ಎರಡು ಕಾರಣಗಳಿವೆ. ಮೈಕ್ರೋಸಾಫ್ಟ್ ಕಂಪನಿಯು ಲ್ಯಾಪ್‌ಟಾಪನ್ನು ನಡೆಸುವ ಮೂಲ ತಂತ್ರಾಂಶವಾದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ್ದರಿಂದ, ಅಣ್ಣ ಬಳಸಿದ್ದನ್ನೇ ತಮ್ಮನಿಗೆ ಕೊಡೋಣ ಅಥವಾ ಅಗ್ಗದ ಹಳೆಯ ಯಂತ್ರವೊಂದನ್ನು ತರೋಣ ಎನ್ನುವವರು ಹೊಸದಾಗಿ ಯೋಚಿಸಬೇಕಾಗಿದೆ. ಎರಡನೆಯದಾಗಿ, ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಅಪಾರ ಪ್ರಮಾಣದ ಮೆಮೊರಿ ಚಿಪ್‌ಗಳು ಬೇಕಾಗಿರುವುದರಿಂದ, ಜಗತ್ತಿನ ಬಹುಪಾಲು ಚಿಪ್‌ಗಳನ್ನು ತಯಾರಿಸುವ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಕಂಪನಿಗಳು ತಮ್ಮ ಉತ್ಪಾದನೆಯನ್ನು ಆ ಕಡೆಗೆ ತಿರುಗಿಸಿವೆ. ಇದರ ಫಲವಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಲ್ಯಾಪ್‌ಟಾಪ್‌ನ ಬೆಲೆಯಲ್ಲಿ ಮೆಮೊರಿಯದೂ ದೊಡ್ಡ ಪಾಲಿರುವುದರಿಂದ, ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದನ್ನು ತಿಳಿದು ಕೊಳ್ಳುವುದು ಅಗತ್ಯ.

ಈ ಲೇಖನದ ಉದ್ದಕ್ಕೂ ಒಂದು ಸೂತ್ರವನ್ನು ಹಿಡಿದು ಹೋಗೋಣ. ಲ್ಯಾಪ್‌ಟಾಪ್‌ನ ಕೆಲವು ಭಾಗಗಳನ್ನು ಮುಂದೆ ಬದಲಾಯಿಸಬಹುದು, ಕೆಲವನ್ನು ಎಂದಿಗೂ ಬದಲಾಯಿಸಲಾಗುವುದಿಲ್ಲ. ಬದಲಾಯಿಸಲಾಗದ ಭಾಗಗಳಿಗೆ ಇಂದೇ ಹಣ ಹಾಕಬೇಕು, ಬದಲಾಯಿಸಬಹುದಾದವು ಕಾಯಬಹುದು.

## ಮೊದಲು ಕೋರ್ಸು, ಆಮೇಲೆ ಕಂಪನಿ

ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಯಾವ ಕಂಪನಿಯದು ಒಳ್ಳೆಯದು ಎಂಬುದು. ಆದರೆ ಎಚ್‌ಪಿ, ಡೆಲ್, ಲೆನೊವೊ, ಏಸರ್, ಆಸುಸ್ ಇವುಗಳಲ್ಲಿ ಪ್ರತಿಯೊಂದೂ ತೀರಾ ದುರ್ಬಲ ಯಂತ್ರವನ್ನೂ ಅತ್ಯಂತ ಶಕ್ತ ಯಂತ್ರವನ್ನೂ ಮಾರುತ್ತದೆ. ಆದ್ದರಿಂದ ಕಂಪನಿಯ ಹೆಸರೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ಮೊದಲು ಕೇಳಬೇಕಾದದ್ದು, ಸೇರಿದ ಕೋರ್ಸಿನಲ್ಲಿ ಯಾವ ತಂತ್ರಾಂಶಗಳನ್ನು ಬಳಸುತ್ತಾರೆ ಎಂಬುದನ್ನು. ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಅದೇ ಕಾಲೇಜಿನ ಎರಡನೆಯ ಅಥವಾ ಮೂರನೆಯ ವರ್ಷದ ವಿದ್ಯಾರ್ಥಿಗಳ ಬಳಿ, ಇಲ್ಲವೇ ವಿಭಾಗದ ಪ್ರಯೋಗಾಲಯದಲ್ಲಿ ಸಿಗುತ್ತದೆ.

ಬಿ.ಎ., ಬಿ.ಕಾಂ., ಬಿ.ಬಿ.ಎ. ವಿದ್ಯಾರ್ಥಿಗಳ ಕೆಲಸ ಬರವಣಿಗೆ, ಎಕ್ಸೆಲ್, ಪವರ್‌ಪಾಯಿಂಟ್, ಇಂಟರ್ನೆಟ್ ಮತ್ತು ಟ್ಯಾಲಿಗೆ ಸೀಮಿತವಾಗಿರುತ್ತದೆ. ಇದಕ್ಕೆ ಸಾಧಾರಣ ಯಂತ್ರ ಸಾಕು. ದಾವಣಗೆರೆಯ ಜೆಜೆಎಂ, ಎಸ್‌ಎಸ್ ವೈದ್ಯಕೀಯ ಕಾಲೇಜುಗಳಲ್ಲಿ ಅಥವಾ ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜಿನಲ್ಲಿ ಓದುವವರಿಗೂ ಭಾರೀ ತಂತ್ರಾಂಶಗಳ ಹಂಗಿಲ್ಲ. ಗಂಟೆಗಟ್ಟಲೆ ಪಿಡಿಎಫ್ ಓದುವುದು, ಪಾಠದ ವಿಡಿಯೊ ನೋಡುವುದೇ ಹೆಚ್ಚಾಗಿರುವುದರಿಂದ, ಅವರು ವೇಗಕ್ಕಿಂತ ಒಳ್ಳೆಯ ಪರದೆ, ಕಡಿಮೆ ತೂಕ ಮತ್ತು ಬ್ಯಾಟರಿಯ ಕಡೆಗೆ ಗಮನ ಕೊಡಬೇಕು.

ಬಿ.ಸಿ.ಎ. ಮತ್ತು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಮೊದಲ ವರ್ಷದ ಸಿ, ಪೈಥಾನ್, ಜಾವಾ ಪಾಠಗಳು ಯಾವ ಲ್ಯಾಪ್‌ಟಾಪ್‌ನಲ್ಲಾದರೂ ನಡೆಯುತ್ತವೆ. ತೊಡಕು ಬರುವುದು ಮೂರನೆಯ ವರ್ಷದಲ್ಲಿ, ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೊ, ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ನಡೆಸುವ ವರ್ಚುವಲ್ ಮಷೀನ್ ಮುಂತಾದವು ಬಂದಾಗ. ಹೀಗಾಗಿ ಮೊದಲ ವರ್ಷದ ಅಗತ್ಯ ನೋಡಿ ಕೊಂಡ ಲ್ಯಾಪ್‌ಟಾಪ್ ಕೊನೆಯ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ಸಾಲದೆ ಹೋಗುತ್ತದೆ.

ಬಾಪೂಜಿ, ಯುಬಿಡಿಟಿ, ಚಿತ್ರದುರ್ಗದ ಎಸ್‌ಜೆಎಂಐಟಿ ಮುಂತಾದ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ಮತ್ತು ಸಿವಿಲ್ ವಿಭಾಗಗಳ ಲೆಕ್ಕವೇ ಬೇರೆ. ಕಂಪ್ಯೂಟರಿನಲ್ಲಿ ಎಂಜಿನಿಯರಿಂಗ್ ಚಿತ್ರ ಬರೆಯುವುದರಿಂದ (ಇದನ್ನು ಕ್ಯಾಡ್ ಎನ್ನುತ್ತಾರೆ) ಆರಂಭವಾಗಿ, ಆಟೋಕ್ಯಾಡ್, ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ರೆವಿಟ್, ಆನ್ಸಿಸ್‌ಗಳವರೆಗೆ ಅವರು ಬಳಸುವ ತಂತ್ರಾಂಶಗಳು ಯಂತ್ರದ ಶಕ್ತಿಯನ್ನು ಪೂರ್ತಿಯಾಗಿ ಹೀರುತ್ತವೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಮ್ಯಾಟ್‌ಲ್ಯಾಬ್ ಮತ್ತು ಚಿಪ್ ವಿನ್ಯಾಸದ ತಂತ್ರಾಂಶಗಳಿರುತ್ತವೆ. ಎರಡನೆಯವು ಡಿಸ್ಕ್‌ನಲ್ಲಿ ಹತ್ತಾರು ಜಿಬಿ ಜಾಗ ಕೇಳುತ್ತವೆ. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಅನ್ವಯಿಕ ಕಲೆ ಕಲಿಯುವವರಿಗಾದರೋ ಪರದೆಯ ಬಣ್ಣ ಸರಿಯಾಗಿರುವುದೇ ಎಲ್ಲಕ್ಕಿಂತ ಮುಖ್ಯ.

ಇಲ್ಲಿ ಪೋಷಕರಿಗೆ ತಿಳಿದಿರಬೇಕಾದ ಮಾತೊಂದಿದೆ. ಆಟೋಕ್ಯಾಡ್ ಮತ್ತು ರೆವಿಟ್ ತಯಾರಿಸುವ ಆಟೋಡೆಸ್ಕ್ ಕಂಪನಿಯು ವಿದ್ಯಾರ್ಥಿ ಎಂಬುದಕ್ಕೆ ಪುರಾವೆ ಕೊಟ್ಟವರಿಗೆ ಅವುಗಳನ್ನು ಉಚಿತವಾಗಿ ಬಳಸಲು ಬಿಡುತ್ತದೆ; ಸಾಲಿಡ್ ಎಡ್ಜ್‌ಗೂ ಉಚಿತ ವಿದ್ಯಾರ್ಥಿ ಆವೃತ್ತಿಯಿದೆ. ಹಾಗಾಗಿ ತಂತ್ರಾಂಶವನ್ನೆಲ್ಲ ಹಾಕಿಕೊಡುತ್ತೇವೆಂದು ಹೇಳಿ ಹಣ ಕೇಳುವವರ ಬಳಿ ಕಳ್ಳ ಪ್ರತಿಗಳನ್ನು ಹಾಕಿಸಿಕೊಂಡು, ಅವುಗಳ ಜೊತೆಗೆ ವೈರಸ್‌ಗಳನ್ನೂ ಮನೆಗೆ ತರುವ ಅಗತ್ಯವೇ ಇಲ್ಲ.

## ಒಳಗಿನ ಮೂರು ಮುಖ್ಯ ಭಾಗಗಳು

ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಎಂಬ ಮೂರು ಪದಗಳು ಅರ್ಥವಾದರೆ ಅಂಗಡಿಯವರ ಮಾತಿನ ಮುಕ್ಕಾಲು ಪಾಲು ಅರ್ಥವಾದಂತೆಯೇ. ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿರುವ ಒಂದು ದಲಾಲಿ ಅಂಗಡಿಯನ್ನು ನೆನೆಯಿರಿ. ಹಿಂದೆ ಗೋದಾಮು ಇರುತ್ತದೆ. ಅಲ್ಲಿ ಮೂಟೆಗಳನ್ನು ತಿಂಗಳುಗಟ್ಟಲೆ ಇಡಬಹುದು. ಮುಂದೆ ಕಟ್ಟೆ ಇರುತ್ತದೆ. ಈ ಹೊತ್ತು ಸುರಿದು, ತೂಗಿ, ಮಾರಬೇಕಾದ ಮಾಲು ಮಾತ್ರ ಅಲ್ಲಿಗೆ ಬರುತ್ತದೆ, ಸಂಜೆಗೆ ಕಟ್ಟೆ ಖಾಲಿಯಾಗುತ್ತದೆ. ನಿಜವಾದ ಕೆಲಸ ಮಾಡುವವರು ಹಮಾಲರು. ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಎಂಬುದು ಗೋದಾಮು, ರ್‍ಯಾಮ್ ಎಂಬುದು ಕಟ್ಟೆ, ಪ್ರೊಸೆಸರ್‌ನ ಕೋರ್‌ಗಳೆಂಬುವು ಹಮಾಲರು.

ಕಟ್ಟೆ ಚಿಕ್ಕದಾಗಿದ್ದು ಮಾಲು ಹೆಚ್ಚಾದರೆ ಏನಾಗುತ್ತದೆ? ಒಂದು ಮೂಟೆ ಸುರಿಯಬೇಕೆಂದರೆ ಇನ್ನೊಂದನ್ನು ಕಟ್ಟಿ ಗೋದಾಮಿಗೆ ಹೊರಬೇಕು, ಮತ್ತೆ ಬೇಕಾದಾಗ ತರಬೇಕು. ಹಮಾಲರು ಎಷ್ಟೇ ಗಟ್ಟಿಗರಾದರೂ ದಿನವೆಲ್ಲ ಹೊತ್ತು ತಿರುಗುವುದರಲ್ಲೇ ಕಳೆಯುತ್ತದೆ. ರ್‍ಯಾಮ್ ಸಾಲದ ಲ್ಯಾಪ್‌ಟಾಪ್‌ನಲ್ಲಿಯೂ ಇದೇ ನಡೆಯುತ್ತದೆ. ವೇಗದ ಪ್ರೊಸೆಸರ್ ಇದ್ದರೂ ಯಂತ್ರ ತಡವರಿಸುತ್ತದೆ, ಬಳಸುವವರು ಪ್ರೊಸೆಸರ್ ಕೆಟ್ಟದ್ದೆಂದು ಭಾವಿಸುತ್ತಾರೆ.

## ರ್‍ಯಾಮ್: 8 ಜಿಬಿಯೋ 16 ಜಿಬಿಯೋ

ವಿಂಡೋಸ್ 11 ಕನಿಷ್ಠ 4 ಜಿಬಿ ರ್‍ಯಾಮ್ ಇದ್ದರೆ ನಡೆಯುತ್ತದೆಂದು ಮೈಕ್ರೋಸಾಫ್ಟ್ ಹೇಳುತ್ತದಾದರೂ, ಆ ಪ್ರಮಾಣದಲ್ಲಿ ನೆಮ್ಮದಿಯಾಗಿ ಕೆಲಸ ಮಾಡಲಾಗದು. ವಿಂಡೋಸ್, ಒಂದು ಬ್ರೌಸರ್, ಅದರಲ್ಲಿ ಹತ್ತಾರು ಪುಟಗಳು, ಒಂದು ಆನ್‌ಲೈನ್ ತರಗತಿ ಇಷ್ಟು ತೆರೆದಿಟ್ಟರೆ 8 ಜಿಬಿಯ ಬಹುಭಾಗ ತುಂಬಿಹೋಗುತ್ತದೆ. ಕಲೆ, ವಾಣಿಜ್ಯ, ವೈದ್ಯಕೀಯ ವಿದ್ಯಾರ್ಥಿಗಳಿಗೆ 8 ಜಿಬಿ ಸಾಕಾಗುತ್ತದೆ. ಕಂಪ್ಯೂಟರ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 16 ಜಿಬಿ ಬೇಕು. ಆಂಡ್ರಾಯ್ಡ್ ಸ್ಟುಡಿಯೊವನ್ನು ಅದರ ಎಮ್ಯುಲೇಟರ್ (ಪರದೆಯ ಮೇಲೆ ಮೂಡುವ ಕೃತಕ ಮೊಬೈಲ್) ಜೊತೆಗೆ ನಡೆಸಲು ಗೂಗಲ್ ಕನಿಷ್ಠವೆಂದು ಹೇಳುವುದೂ 16 ಜಿಬಿಯನ್ನೇ.

ಪ್ರಮಾಣಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ರ್‍ಯಾಮ್ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಸಣ್ಣ ಪಟ್ಟಿಯಂತಿದ್ದು ಸ್ಲಾಟ್‌ನಲ್ಲಿ ಕೂರುವಂಥದ್ದು. ಇದನ್ನು ತೆಗೆದು ದೊಡ್ಡದನ್ನು ಹಾಕಬಹುದು, ಇನ್ನೊಂದು ಸ್ಲಾಟ್ ಖಾಲಿಯಿದ್ದರೆ ಜೊತೆಗೊಂದನ್ನು ಸೇರಿಸಬಹುದು. ಇನ್ನೊಂದು, ಮದರ್‌ಬೋರ್ಡ್ ಎಂಬ ಒಳಗಿನ ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುವಂಥದ್ದು. ಇದನ್ನು ಮುಂದೆ ಹೆಚ್ಚಿಸುವ ಮಾತೇ ಇಲ್ಲ. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್4ಎಕ್ಸ್ ಅಥವಾ ಎಲ್‌ಪಿಡಿಡಿಆರ್5 ಎಂದಿದ್ದರೆ ಸಾಮಾನ್ಯವಾಗಿ ಅದು ಬೆಸುಗೆ ಹಾಕಿದ್ದು. ಡಿಡಿಆರ್4 ಅಥವಾ ಡಿಡಿಆರ್5 ಎಂದಷ್ಟೇ ಇದ್ದರೆ ಸ್ಲಾಟ್ ಇರುವ ಸಾಧ್ಯತೆ ಹೆಚ್ಚು, ಆದರೂ ಖಚಿತಪಡಿಸಿಕೊಳ್ಳಬೇಕು. ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಪೂರ್ಣ ವಿವರ ತೆರೆದರೆ ಎಷ್ಟು ಸ್ಲಾಟ್‌ಗಳಿವೆ, ಗರಿಷ್ಠ ಎಷ್ಟು ಜಿಬಿ ಹಾಕಬಹುದು ಎಂಬುದು ಬರೆದಿರುತ್ತದೆ.

ಬೆಸುಗೆ ಹಾಕಿದ 8 ಜಿಬಿಯ ಯಂತ್ರವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕೊಡಿಸಬಾರದು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ: ಬೆಲೆಯಲ್ಲಿ ಅಂದವಾಗಿ, ತೂಕದಲ್ಲಿ ಹಗುರವಾಗಿ ಕಾಣುವ ಅನೇಕ ಮಾದರಿಗಳು ಇದೇ ಬಗೆಯವು, ಮತ್ತು ಈ ಕೊರತೆಗೆ ಮುಂದೆ ಯಾವ ರಿಪೇರಿಯೂ ಇಲ್ಲ. ಸ್ಲಾಟ್ ಇರುವ 8 ಜಿಬಿ ಯಂತ್ರ ಕೊಂಡು ಮುಂದೆ ಹೆಚ್ಚಿಸುವುದು ಇಂದಿಗೂ ಒಪ್ಪುವ ದಾರಿಯೇ. ಆದರೆ ಮೆಮೊರಿಯ ಬೆಲೆ ಏರಿರುವ ಈ ಕಾಲದಲ್ಲಿ, ಮುಂದೆ ಅಗ್ಗಕ್ಕೆ ಸಿಕ್ಕೀತು ಎಂದು ನಂಬುವ ಮೊದಲು ಅದೇ ಮಾದರಿಯ 16 ಜಿಬಿ ಆವೃತ್ತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಬಿಡಿ ರ್‍ಯಾಮ್‌ನ ಬೆಲೆಯೊಂದಿಗೆ ಹೋಲಿಸಿ ನೋಡಬೇಕು.

## ಪ್ರೊಸೆಸರ್‌ನ ಹೆಸರನ್ನು ಪೂರ್ತಿ ಓದಬೇಕು

ಪ್ರೊಸೆಸರ್ ತಯಾರಿಸುವ ಮುಖ್ಯ ಕಂಪನಿಗಳು ಇಂಟೆಲ್ ಮತ್ತು ಎಎಂಡಿ. ಇಂಟೆಲ್‌ನ ಕೋರ್ ಐ3, ಐ5, ಐ7 ಹಾಗೂ ಎಎಂಡಿಯ ರೈಝನ್ 3, 5, 7 ಎಂಬ ಹೆಸರುಗಳು ಎಲ್ಲರ ಬಾಯಲ್ಲೂ ಇವೆ. ಅಂಗಡಿಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ, ಐ5 ಇದೆ ಎಂದರೆ ಸಾಕು ಎಂಬಂತೆ. ಆದರೆ ಐ5 ಎಂಬುದು ಒಂದು ಶ್ರೇಣಿಯ ಹೆಸರು ಮಾತ್ರ. ಎಂಟು ವರ್ಷ ಹಿಂದಿನ ಐ5 ಇಂದಿನ ಐ3ಕ್ಕಿಂತ ನಿಧಾನವಾಗಿರುತ್ತದೆ. ತೀರ್ಮಾನಿಸುವುದು ಅದರ ನಂತರ ಬರುವ ಅಂಕಿಗಳು.

ಇಂಟೆಲ್‌ನ ಐ5-1235ಯು ಎಂಬುದರಲ್ಲಿ ಮೊದಲ ಎರಡು ಅಂಕಿಗಳು ಅದು 12ನೆಯ ತಲೆಮಾರಿನದೆಂದು ಹೇಳುತ್ತವೆ. ಕೊನೆಯ ಯು ಅಕ್ಷರ ಕಡಿಮೆ ವಿದ್ಯುತ್ ಬಳಸುವ, ಹಗುರ ಯಂತ್ರಗಳಿಗೆಂದು ಮಾಡಿದ್ದೆಂಬುದನ್ನು ಸೂಚಿಸುತ್ತದೆ. ಐ5-12450ಎಚ್ ಎಂದಿದ್ದರೆ, ಎಚ್ ಎಂಬುದು ಹೆಚ್ಚು ವಿದ್ಯುತ್ ಬಳಸಿ ಹೆಚ್ಚು ಹೊತ್ತು ವೇಗವಾಗಿ ದುಡಿಯುವ ಬಗೆ. ಬರವಣಿಗೆ, ಓದು, ಟ್ಯಾಲಿಗೆ ಯು ಒಳ್ಳೆಯದು; ಕ್ಯಾಡ್ ಮತ್ತು ಆನ್ಸಿಸ್‌ನಂಥ ಕೆಲಸಕ್ಕೆ ಎಚ್ ಒಳ್ಳೆಯದು. 2023ರ ಕೊನೆಯಿಂದ ಇಂಟೆಲ್ ತನ್ನ ಹೊಸ ಪ್ರೊಸೆಸರ್‌ಗಳ ಹೆಸರಿನಿಂದ ಐ ಅಕ್ಷರವನ್ನು ಕೈಬಿಟ್ಟು ಕೋರ್ 5, ಕೋರ್ ಅಲ್ಟ್ರಾ 5 ಎಂದು ಕರೆಯತೊಡಗಿದೆ. ಅಕ್ಷರ ಇಲ್ಲವೆಂದು ಅನುಮಾನಿಸಬೇಕಿಲ್ಲ.

ಎಎಂಡಿಯ ಹೆಸರುಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ರೈಝನ್ 5 7520ಯು ಮತ್ತು ರೈಝನ್ 5 7530ಯು ಎಂಬ ಎರಡು ಹೆಸರುಗಳಲ್ಲಿ ವ್ಯತ್ಯಾಸ ಒಂದೇ ಅಂಕಿಯದು. ಆದರೆ 7000 ಸರಣಿಯಲ್ಲಿ ಮೂರನೆಯ ಅಂಕಿಯೇ ಒಳಗಿನ ವಿನ್ಯಾಸವನ್ನು ಹೇಳುವಂಥದ್ದು: ಮೊದಲನೆಯದರಲ್ಲಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ ಮತ್ತು ನಾಲ್ಕು ಕೋರ್‌ಗಳು; ಎರಡನೆಯದರಲ್ಲಿ ಅದರ ಮುಂದಿನ ಝೆನ್ 3 ವಿನ್ಯಾಸ ಮತ್ತು ಆರು ಕೋರ್‌ಗಳು. ಹೊರಗಿನ ಸ್ಟಿಕ್ಕರ್ ಎರಡಕ್ಕೂ ರೈಝನ್ 5 ಎಂದೇ ಇರುತ್ತದೆ. ಆದ್ದರಿಂದ ಬೆಲೆ ಕೇಳುವ ಮೊದಲು ಪ್ರೊಸೆಸರ್‌ನ ಪೂರ್ಣ ಹೆಸರನ್ನು ಬರೆದುಕೊಳ್ಳುವುದು, ಆ ಹೆಸರನ್ನು ಇಂಟರ್ನೆಟ್‌ನಲ್ಲಿ ಹುಡುಕಿ ಅದು ಬಂದ ವರ್ಷ ಮತ್ತು ಕೋರ್‌ಗಳ ಸಂಖ್ಯೆಯನ್ನು ನೋಡುವುದು ಐದು ನಿಮಿಷದ ಕೆಲಸ, ಅದನ್ನು ಬಿಡಬಾರದು. ಸೆಲೆರಾನ್ ಅಥವಾ ಎನ್100ರಂಥ ಪ್ರೊಸೆಸರ್‌ಗಳಿರುವ ಅತಿ ಅಗ್ಗದ ಯಂತ್ರಗಳು ಪತ್ರ ಬರೆಯಲು, ವಿಡಿಯೊ ನೋಡಲು ಸಾಕು, ನಾಲ್ಕು ವರ್ಷದ ವೃತ್ತಿಪರ ಕೋರ್ಸಿಗೆ ಸಾಲವು.

ಇತ್ತೀಚೆಗೆ ಎಐ ಪಿಸಿ ಎಂಬ ಸ್ಟಿಕ್ಕರ್ ಅಂಟಿಸಿದ ಲ್ಯಾಪ್‌ಟಾಪ್‌ಗಳು ಬರುತ್ತಿವೆ. ಅವುಗಳಲ್ಲಿ ಎನ್‌ಪಿಯು ಎಂಬ ಹೆಚ್ಚುವರಿ ಭಾಗವಿದ್ದು, ಕೆಲವು ಕೃತಕ ಬುದ್ಧಿಮತ್ತೆಯ ಕೆಲಸಗಳನ್ನು ಯಂತ್ರದೊಳಗೇ ಮಾಡುತ್ತದೆ. ವಿದ್ಯಾರ್ಥಿಗಳು ದಿನವೂ ಬಳಸುವ ಚಾಟ್‌ಜಿಪಿಟಿ, ಜೆಮಿನಿ ಮುಂತಾದವು ದೂರದ ಸರ್ವರ್‌ಗಳಲ್ಲಿ ನಡೆಯುವುದರಿಂದ ಅವುಗಳಿಗೆ ಈ ಭಾಗ ಬೇಕಾಗಿಯೇ ಇಲ್ಲ. ಈ ಸ್ಟಿಕ್ಕರ್‌ಗೆಂದು ಹೆಚ್ಚು ಹಣ ಕೊಡುವುದಕ್ಕಿಂತ ಅದೇ ಹಣವನ್ನು ರ್‍ಯಾಮ್‌ಗೆ ಕೊಡುವುದು ಮೇಲು.

## ಎಸ್‌ಎಸ್‌ಡಿ

ಇದರ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಬಹುಮಟ್ಟಿಗೆ ಕಣ್ಮರೆಯಾಗಿದೆ. 512 ಜಿಬಿಯ, ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಬಹುತೇಕ ಎಲ್ಲರಿಗೂ ಸಾಕು, ಮತ್ತು ಹೆಚ್ಚಿನ ಯಂತ್ರಗಳಲ್ಲಿ ಇದನ್ನು ಮುಂದೆ ಬದಲಾಯಿಸಬಹುದು. ಆದ್ದರಿಂದ ಇದು ಕಾಯಬಹುದಾದ ಭಾಗ. ಇಎಂಎಂಸಿ ಎಂದು ಬರೆದಿದ್ದರೆ ಮಾತ್ರ ಬಿಡಬೇಕು. ಅದು ನಿಧಾನವಾದದ್ದು, ಬೋರ್ಡಿಗೆ ಬೆಸುಗೆ ಹಾಕಿದ್ದು. 512 ಜಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ ಸುಮಾರು 476 ಜಿಬಿ ಎಂದು ಕಾಣಿಸಿದರೆ ಗಾಬರಿಯಾಗಬೇಕಿಲ್ಲ. ಕಂಪನಿಯು 1 ಜಿಬಿಗೆ 100 ಕೋಟಿ ಬೈಟ್ ಎಂದು ಎಣಿಸುತ್ತದೆ, ವಿಂಡೋಸ್ 107 ಕೋಟಿಗೂ ಮಿಗಿಲಾದ ಬೈಟ್‌ಗಳನ್ನು ಒಂದು ಜಿಬಿ ಎಂದು ಎಣಿಸುತ್ತದೆ. ಯಾರೂ ಏನನ್ನೂ ಕದ್ದಿಲ್ಲ.

## ಗ್ರಾಫಿಕ್ಸ್ ಕಾರ್ಡ್ ಯಾರಿಗೆ ಬೇಕು

ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸವನ್ನು ಪ್ರೊಸೆಸರ್‌ನೊಳಗೇ ಇರುವ ಗ್ರಾಫಿಕ್ಸ್ ಭಾಗ ಮಾಡುತ್ತದೆ. ಬಹುತೇಕ ವಿದ್ಯಾರ್ಥಿಗಳಿಗೆ ಇಷ್ಟೇ ಸಾಕು. ಎನ್ವಿಡಿಯಾ ಆರ್‌ಟಿಎಕ್ಸ್ 3050, 4050 ಮುಂತಾದವು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ಗಳು. ಇವುಗಳಿಗೆ ತಮ್ಮದೇ ಮೆಮೊರಿ ಇರುತ್ತದೆ. ಮೂರು ಆಯಾಮದ ದೊಡ್ಡ ವಿನ್ಯಾಸಗಳನ್ನು ಮಾಡುವ ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ, ವಿಡಿಯೊ ಸಂಕಲನ ಕಲಿಯುವವರಿಗೆ ಇವುಗಳಿಂದ ನಿಜವಾದ ಪ್ರಯೋಜನವಿದೆ.

ಕಂಪ್ಯೂಟರ್ ಸೈನ್ಸ್‌ನಲ್ಲಿ ಮಷೀನ್ ಲರ್ನಿಂಗ್ ಇರುವುದರಿಂದ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಎಂದು ಅಂಗಡಿಯಲ್ಲಿ ಹೇಳುವುದುಂಟು. ಗೂಗಲ್ ಕೊಲ್ಯಾಬ್ ಎಂಬ ಸೇವೆಯಲ್ಲಿ ಮಿತಿಯೊಳಗೆ ಉಚಿತವಾಗಿ ಇಂಥ ಕಾರ್ಡ್‌ಗಳನ್ನು ಇಂಟರ್ನೆಟ್ ಮೂಲಕ ಬಳಸಬಹುದಾದ್ದರಿಂದ, ಪಠ್ಯಕ್ರಮದ ಪ್ರಯೋಗಗಳಿಗೆ ಅದು ಅನಿವಾರ್ಯವಲ್ಲ. ಕಾರ್ಡ್ ಇರುವ ಯಂತ್ರಗಳು ಸಾಮಾನ್ಯವಾಗಿ ಎರಡು ಕಿಲೋಗಿಂತ ಹೆಚ್ಚು ತೂಗುತ್ತವೆ, ಬೇಗ ಬಿಸಿಯಾಗುತ್ತವೆ, ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತವೆ. ಇನ್ನೊಂದು ಸೂಕ್ಷ್ಮವಿದೆ: ಒಂದೇ ಹೆಸರಿನ ಕಾರ್ಡ್ ಬೇರೆ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಶಕ್ತಿಯಲ್ಲಿ ನಡೆಯುತ್ತದೆ. ಆರ್‌ಟಿಎಕ್ಸ್ 4050ಕ್ಕೆ ಲ್ಯಾಪ್‌ಟಾಪ್ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಾದರೂ ಕೊಡಬಹುದು, ಮತ್ತು ಕಡಿಮೆ ವ್ಯಾಟ್‌ನದು ಅಷ್ಟರಮಟ್ಟಿಗೆ ನಿಧಾನವಾಗಿರುತ್ತದೆ. ಟಿಜಿಪಿ ಎಂಬ ಹೆಸರಿನಲ್ಲಿ ಬರೆದಿರುವ ಈ ಅಂಕಿಯನ್ನು ಕೇಳಿ ತಿಳಿಯಬೇಕು.

## ಪರದೆ, ತೂಕ, ಬ್ಯಾಟರಿ, ಬಿಸಿಲು

ಪರದೆ ಕೊಂಡ ದಿನದಿಂದ ಕೊನೆಯ ದಿನದವರೆಗೆ ಕಣ್ಣೆದುರು ಇರುವ ಭಾಗ, ಮತ್ತು ಮುಂದೆ ಬದಲಾಯಿಸುವ ಭಾಗವಲ್ಲ. ಕನಿಷ್ಠ 1920×1080 ಬಿಂದುಗಳ, ಐಪಿಎಸ್ ಬಗೆಯ ಪರದೆ ಇರಲಿ; ಟಿಎನ್ ಬಗೆಯ ಪರದೆಯನ್ನು ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಮಾಸುತ್ತದೆ. ಬೆಳಕಿನ ಪ್ರಮಾಣವನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ: 250 ನಿಟ್ಸ್ ಕೋಣೆಯೊಳಗೆ ಸಾಕು, ಕಿಟಕಿಯ ಪಕ್ಕದಲ್ಲಿ ಅಥವಾ ಪಡಸಾಲೆಯಲ್ಲಿ ಕುಳಿತು ಓದುವವರಿಗೆ 300 ಅಥವಾ ಹೆಚ್ಚು ಬೇಕು. ಪರದೆ ಎಷ್ಟು ಬಣ್ಣಗಳನ್ನು ತೋರಿಸಬಲ್ಲದು ಎಂಬುದನ್ನು ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬ ಅಳತೆಗಳಲ್ಲಿ ಹೇಳುತ್ತಾರೆ. ವಿವರದಲ್ಲಿ ಶೇ 45 ಎನ್‌ಟಿಎಸ್‌ಸಿ ಎಂದಿದ್ದರೆ ಆ ಪರದೆ ಬಣ್ಣಗಳನ್ನು ಪೇಲವವಾಗಿ ತೋರಿಸುತ್ತದೆ. ಚಿತ್ರಕಲೆ, ವಿನ್ಯಾಸ ಕಲಿಯುವವರು ಶೇ 100 ಎಸ್‌ಆರ್‌ಜಿಬಿ ಇರುವುದನ್ನೇ ಆರಿಸಬೇಕು.

ಹರಿಹರದಿಂದಲೋ ಹೊಳಲ್ಕೆರೆಯಿಂದಲೋ ದಿನವೂ ಬಸ್ಸಿನಲ್ಲಿ ನಿಂತು ಬರುವ ವಿದ್ಯಾರ್ಥಿಗೆ ಒಂದೂವರೆ ಕಿಲೋಗೂ ಎರಡೂವರೆ ಕಿಲೋಗೂ ಇರುವ ವ್ಯತ್ಯಾಸ ಅಂಗಡಿಯಲ್ಲಿ ಎತ್ತಿ ನೋಡಿದಾಗ ತಿಳಿಯುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಗಳ ಚಾರ್ಜರ್ ಕೂಡ ಭಾರವಾದದ್ದು. ಅದನ್ನೂ ತೂಕಕ್ಕೆ ಸೇರಿಸಿ ಯೋಚಿಸಬೇಕು.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬ ಜಾಹೀರಾತಿನ ಮಾತಿಗಿಂತ ವ್ಯಾಟ್-ಅವರ್ ಎಂಬ ಅಂಕಿಯನ್ನು ನೋಡುವುದು ಒಳ್ಳೆಯದು. 42 ವ್ಯಾಟ್-ಅವರ್ ಬ್ಯಾಟರಿಯಿರುವ ಯಂತ್ರ ಹಗುರ ಕೆಲಸದಲ್ಲಿ ಸರಾಸರಿ 8 ವ್ಯಾಟ್ ಬಳಸಿದರೆ ಐದು ಗಂಟೆಗೆ ತುಸು ಮೀರಿ ಬರುತ್ತದೆ. ಅದೇ ಯಂತ್ರ ಭಾರೀ ಕೆಲಸದಲ್ಲಿ 20 ವ್ಯಾಟ್ ಬಳಸಿದರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಹಳ್ಳಿಯ ಮನೆಗಳಲ್ಲಿ ಕರೆಂಟ್ ಹೋಗುವ ಹೊತ್ತನ್ನು ನೆನೆದು ಈ ಲೆಕ್ಕ ಹಾಕಿಕೊಳ್ಳಬಹುದು.

ನಮ್ಮ ಎರಡೂ ಜಿಲ್ಲೆಗಳ ಬೇಸಿಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಲಿಥಿಯಂ ಬ್ಯಾಟರಿಗಳು ಹೆಚ್ಚಿನ ಬಿಸಿಯಲ್ಲಿ ಬೇಗ ಸವೆಯುತ್ತವೆ. ಬಿಸಿಯಲ್ಲಿ ಪೂರ್ತಿ ಚಾರ್ಜ್ ಆಗಿಯೇ ಇದ್ದರೆ ಇನ್ನೂ ಬೇಗ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಅಥವಾ ತಾರಸಿ ಕೋಣೆಯಲ್ಲಿ ಹಾಸಿಗೆಯ ಮೇಲಿಟ್ಟು ಬಳಸಿದರೆ ಗಾಳಿ ಹೋಗುವ ಕಿಂಡಿಗಳು ಮುಚ್ಚಿ, ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಗಟ್ಟಿಯಾದ ಮೇಜಿನ ಮೇಲಿಟ್ಟು ಬಳಸುವುದು, ಬಹುಪಾಲು ಹೊತ್ತು ಪ್ಲಗ್‌ಗೆ ಹಾಕಿಯೇ ಇಡುವವರು ಕಂಪನಿ ಕೊಟ್ಟ ತಂತ್ರಾಂಶದಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವಂತೆ ಮಾಡುವುದು ಬ್ಯಾಟರಿಯ ಆಯುಷ್ಯವನ್ನು ಹೆಚ್ಚಿಸುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು ಹಳೆಯ ಕಟ್ಟಡಗಳಲ್ಲಿ ಕೇಳಿಬರುತ್ತದೆ. ಇದು ಹೆಚ್ಚಾಗಿ ಅರ್ಥಿಂಗ್ ಇಲ್ಲದ ಪ್ಲಗ್‌ನಿಂದ ಆಗುವಂಥದ್ದು, ವಿದ್ಯುತ್ ಕೆಲಸದವರಿಂದ ಪ್ಲಗ್ ಪಾಯಿಂಟ್ ಸರಿಪಡಿಸಿಕೊಳ್ಳಬೇಕು.

## ವಿಂಡೋಸ್, ಮ್ಯಾಕ್ ಮತ್ತು ಕನ್ನಡ

ಆಪಲ್‌ನ ಮ್ಯಾಕ್‌ಬುಕ್ ಏರ್ ಹಗುರವಾದದ್ದು, ಫ್ಯಾನ್ ಇಲ್ಲದೆ ನಿಶ್ಶಬ್ದವಾಗಿ ನಡೆಯುವಂಥದ್ದು, ಬ್ಯಾಟರಿ ದಿನವಿಡೀ ಬರುತ್ತದೆ. ಆದರೆ ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ರೆವಿಟ್‌ಗಳು ವಿಂಡೋಸ್‌ಗೆಂದೇ ಮಾಡಿದವು, ಟ್ಯಾಲಿಯೂ ಹಾಗೆಯೇ. ಆದ್ದರಿಂದ ಮೆಕ್ಯಾನಿಕಲ್, ಸಿವಿಲ್, ವಾಣಿಜ್ಯ ವಿದ್ಯಾರ್ಥಿಗಳು ವಿಂಡೋಸ್ ಯಂತ್ರವನ್ನೇ ಕೊಳ್ಳಬೇಕು. ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿಯೂ ಕೆಲವು ಎಂಜಿನಿಯರಿಂಗ್ ತಂತ್ರಾಂಶಗಳು ಸರಿಯಾಗಿ ಹೊಂದಿಕೊಳ್ಳದಿರುವುದರಿಂದ, ವಿಚಾರಿಸದೆ ಕೊಳ್ಳಬಾರದು.

ಕನ್ನಡ ಬರೆಯಲು ಬೇರೆ ಕೀಬೋರ್ಡ್ ಇರುವ ಲ್ಯಾಪ್‌ಟಾಪ್ ಬೇಕೆ ಎಂದು ಕನ್ನಡ ಐಚ್ಛಿಕ ವಿಷಯದ ವಿದ್ಯಾರ್ಥಿಗಳು ಕೇಳುವುದುಂಟು. ಬೇಡ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವೂ ಉಚಿತವಾಗಿ ಸಿಗುತ್ತದೆ. ಬರೆದದ್ದು ಎಲ್ಲ ಕಂಪ್ಯೂಟರ್‌ಗಳಲ್ಲೂ ಮೊಬೈಲ್‌ಗಳಲ್ಲೂ ಸರಿಯಾಗಿ ಕಾಣಬೇಕಾದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲೇ ಬರೆಯುವ ಅಭ್ಯಾಸ ಇಟ್ಟುಕೊಳ್ಳಬೇಕು.

ಡಾಸ್ ಲ್ಯಾಪ್‌ಟಾಪ್ ಎಂದು ಸ್ವಲ್ಪ ಅಗ್ಗಕ್ಕೆ ಸಿಗುವುದು ವಿಂಡೋಸ್ ಇಲ್ಲದ ಯಂತ್ರ. ಅದರಲ್ಲಿ ವಿಂಡೋಸ್‌ಗೆ ಬದಲಾಗಿ ಉಚಿತವಾದ ಉಬುಂಟು ಹಾಕಿ ಬಳಸಲು ಬಲ್ಲವರಿಗೆ ಅದು ಲಾಭ. ಇತರರಿಗೆ ವಿಂಡೋಸ್ ಪರವಾನಗಿಯ ಖರ್ಚು ಆಮೇಲೆ ಬರುತ್ತದೆ.

## ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದಾದರೆ

ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮಾದರಿಗಳು ರೀಫರ್ಬಿಷ್ಡ್ (ಸರಿಪಡಿಸಿ ಮತ್ತೆ ಮಾರುವ) ಹೆಸರಿನಲ್ಲಿ ನಮ್ಮ ಊರುಗಳ ಅಂಗಡಿಗಳಿಗೂ ಬರುತ್ತವೆ. ಕಚೇರಿ ಬಳಕೆಗೆಂದು ಗಟ್ಟಿಯಾಗಿ ಮಾಡಿದ ಇವು, ಹಣ ಕಡಿಮೆಯಿರುವವರಿಗೆ ಅಗ್ಗದ ಹೊಸ ಯಂತ್ರಕ್ಕಿಂತ ಒಳ್ಳೆಯ ಆಯ್ಕೆಯಾಗಬಲ್ಲವು. ಆದರೆ ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಮತ್ತು ಇಂಟೆಲ್‌ನಲ್ಲಿ ಹೆಚ್ಚೂಕಡಿಮೆ 8ನೆಯ ತಲೆಮಾರು, ಎಎಂಡಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ರೈಝನ್ 3000 ಸರಣಿ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. 8ನೆಯ ತಲೆಮಾರಿನ ಐ5-8250ಯು ಈ ಗೆರೆಯ ಒಳಗಿದೆ, 7ನೆಯ ತಲೆಮಾರಿನ ಐ5-7200ಯು ಹೊರಗಿದೆ. ಹೊರಗಿರುವ ಯಂತ್ರವನ್ನು ವಿಂಡೋಸ್ 10ರಲ್ಲೇ ಬಳಸುತ್ತಿದ್ದರೆ ಭದ್ರತಾ ದೋಷಗಳಿಗೆ ಸಾಮಾನ್ಯ ತಿದ್ದುಪಡಿ ಸಿಗುವುದಿಲ್ಲ. ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನದ ಅರ್ಜಿಗಳನ್ನು ಅದರಲ್ಲಿ ತೆರೆಯುವುದು ಅಪಾಯ.

ಕೊಳ್ಳುವ ಮುನ್ನ ಬ್ಯಾಟರಿಯ ಸ್ಥಿತಿಯನ್ನು ಅಂಗಡಿಯಲ್ಲೇ ನೋಡಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ (powercfg /batteryreport) ಎಂಬ ಆಜ್ಞೆಯ ಮೂಲಕ ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಎರಡು ಅಂಕಿಗಳು ಕಾಣುತ್ತವೆ: ಹೊಸದಾಗಿದ್ದಾಗ ಇದ್ದ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗ ಉಳಿದಿರುವ ಸಾಮರ್ಥ್ಯ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಯಂತ್ರವನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚಿ, ಹಿಂದಿನ ಕಂಪನಿಯ ಪಾಸ್‌ವರ್ಡ್ ಕೇಳುವುದಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

## ಬಿಲ್ಲು, ಕಂತು, ವಾರಂಟಿ

ಲ್ಯಾಪ್‌ಟಾಪ್‌ಗೆ ಶೇ 18 ಜಿಎಸ್‌ಟಿ ಇದೆ. 50,000 ರೂಪಾಯಿಗೆ ಮಾರುವ ಯಂತ್ರದ ಬೆಲೆಯಲ್ಲಿ ಸುಮಾರು 7,627 ರೂಪಾಯಿ ತೆರಿಗೆಯೇ. ಬಿಲ್ಲು ಬೇಡವೆಂದರೆ ಕಡಿಮೆ ಮಾಡುತ್ತೇವೆ ಎಂಬ ಮಾತು ಬರುವುದು ಇದರಿಂದಲೇ. ಆದರೆ ವಾರಂಟಿಗೂ ಸಾಲಕ್ಕೂ ಕಳವಿನ ದೂರಿಗೂ ಆಧಾರವಾಗುವುದು ಬಿಲ್ಲೇ ಆದ್ದರಿಂದ, ಸೀರಿಯಲ್ ನಂಬರ್ ಬರೆದಿರುವ ಜಿಎಸ್‌ಟಿ ಬಿಲ್ಲಿಲ್ಲದೆ ಕೊಳ್ಳಬಾರದು.

ಬಡ್ಡಿಯಿಲ್ಲದ ಕಂತು ಎಂದು ಹೇಳುವುದರಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಇರುತ್ತದೆ. ಮಾರುವವರು ಅಷ್ಟೇ ಮೊತ್ತವನ್ನು ರಿಯಾಯಿತಿಯಾಗಿ ಮೊದಲೇ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ಕೊಂಡವರ ಮೇಲೆ ಬೀಳುತ್ತದೆ. ಒಂದೇ ಬಾರಿಗೆ ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ ಎಂದು ಕೇಳಿದರೆ ನಿಜವಾದ ಬೆಲೆ ತಿಳಿಯುತ್ತದೆ. ಶಿಕ್ಷಣ ಸಾಲ ತೆಗೆದುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು: ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸು ಮುಗಿಸಲು ಅಗತ್ಯವಾದರೆ ಸಮಂಜಸ ಬೆಲೆಯ ಕಂಪ್ಯೂಟರನ್ನೂ ಸಾಲದ ಮೊತ್ತಕ್ಕೆ ಸೇರಿಸಲು ಅವಕಾಶವಿದೆ. ಅರ್ಜಿ ಹಾಕುವಾಗಲೇ ಅಂಗಡಿಯ ಕೊಟೇಶನ್ ಲಗತ್ತಿಸಿ ಬ್ಯಾಂಕಿನಲ್ಲಿ ಕೇಳಬೇಕು.

ವಾರಂಟಿಯಲ್ಲಿ ಎರಡು ಬಗೆ. ಆನ್‌ಸೈಟ್ ಎಂದರೆ ಕೆಲಸದವರು ಮನೆಗೆ ಬಂದು ದುರಸ್ತಿ ಮಾಡುತ್ತಾರೆ. ಕ್ಯಾರಿ-ಇನ್ ಎಂದರೆ ನಾವೇ ಸೇವಾ ಕೇಂದ್ರಕ್ಕೆ ಒಯ್ಯಬೇಕು. ಬೆಂಗಳೂರು ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ., ದಾವಣಗೆರೆಗೆ ಸುಮಾರು 260 ಕಿ.ಮೀ. ದೂರ. ಆಂತರಿಕ ಪರೀಕ್ಷೆಯ ವಾರದಲ್ಲಿ ಯಂತ್ರ ಕೆಟ್ಟರೆ ಈ ದೂರ ಎಷ್ಟೆಂಬುದು ಅರಿವಾಗುತ್ತದೆ. ಕಂಪನಿಯ ಜಾಲತಾಣದಲ್ಲಿ ನಿಮ್ಮ ಊರಿನ ಪಿನ್ ಕೋಡ್ ಹಾಕಿ, ಆನ್‌ಸೈಟ್ ಸೇವೆ ಅಲ್ಲಿಗೆ ಬರುತ್ತದೆಯೇ, ಅಧಿಕೃತ ಸೇವಾ ಕೇಂದ್ರ ಎಲ್ಲಿದೆ ಎಂದು ನೋಡಿಯೇ ಎರಡು ಮಾದರಿಗಳ ನಡುವೆ ತೀರ್ಮಾನಿಸುವುದು ಒಳಿತು. ಬಿದ್ದು ಪರದೆ ಒಡೆದರೆ, ನೀರು ಚೆಲ್ಲಿದರೆ ಸಾಮಾನ್ಯ ವಾರಂಟಿ ನೆರವಿಗೆ ಬರುವುದಿಲ್ಲ. ಅದಕ್ಕೆ ಅಪಘಾತ ರಕ್ಷಣೆ ಎಂಬ ಪ್ರತ್ಯೇಕ ಯೋಜನೆ ಇದೆ. ಹಾಸ್ಟೆಲ್‌ನಲ್ಲಿ ಇರುವವರಿಗೆ ಇದನ್ನು ಮಾಡಿಸುವುದು ಸೂಕ್ತ.

## ಪೆಟ್ಟಿಗೆ ತೆರೆದ ದಿನ

ಯಂತ್ರವನ್ನು ಹಿಂದಿರುಗಿಸಲು ಅಥವಾ ಬದಲಾಯಿಸಲು ಇರುವ ಅವಧಿ ಚಿಕ್ಕದು. ಆದ್ದರಿಂದ ಮೊದಲ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸರ್‌ನ ಪೂರ್ಣ ಹೆಸರು ಮತ್ತು ರ್‍ಯಾಮ್ ಪೆಟ್ಟಿಗೆಯ ಮೇಲೆ ಬರೆದಂತೆಯೇ ಇವೆಯೇ ಎಂದು ನೋಡಬೇಕು. ಪರದೆಯ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರಗಳನ್ನು ತೆರೆದರೆ ಸತ್ತ ಬಿಂದುಗಳಿದ್ದರೆ ಕಾಣುತ್ತವೆ. ಎಲ್ಲ ಪೋರ್ಟ್‌ಗಳಿಗೂ ಒಂದೊಂದು ಪೆನ್‌ಡ್ರೈವ್ ಹಾಕಿ, ಕ್ಯಾಮೆರಾ, ಮೈಕ್ ಮತ್ತು ಎಲ್ಲ ಕೀಲಿಗಳನ್ನು ಪರೀಕ್ಷಿಸಬೇಕು. ಕೊನೆಗೆ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನದಿಂದ ಆರಂಭವಾಗಿದೆ ಎಂದು ನೋಡಬೇಕು. ಅಂಗಡಿಯಲ್ಲಿ ಬಹಳ ದಿನ ಇದ್ದ ಯಂತ್ರಕ್ಕೆ ಅಲ್ಲಿ ಹಿಂದಿನ ದಿನಾಂಕ ಕಾಣಿಸಬಹುದು. ಹಾಗಿದ್ದರೆ ಬಿಲ್ಲಿನ ಪ್ರತಿಯನ್ನು ಕಂಪನಿಗೆ ಕಳುಹಿಸಿ, ಕೊಂಡ ದಿನಾಂಕಕ್ಕೆ ತಿದ್ದಿಸಿಕೊಳ್ಳಬೇಕು.